ನಿಧಾನವಾಗಿ ಬಂದ ದೋಣಿ

ಗಂಡ ಕಟ್ಟೆಗೆ ಒರಗಿಸಿಟ್ಟಿದ್ದ ಗಾಳದ ಕೋಲು ಒಮ್ಮೆಲೇ ಬಾಗಿತು. ಅವನು ಪಾಚಿಯ ಮೇಲೆ ಜಾರಿ ಬಂದರಿನ ನೀರಿಗೆ ಬಿದ್ದು ಬಹಳ ಹೊತ್ತಾಗಿತ್ತು. ಹುಡುಕಲು ಹೋದ ದೋಣಿ ಇನ್ನೂ ಬಂದಿರಲಿಲ್ಲ.

"ಎಳಿಯೇ, ಮೀನು ಕಚ್ಚಿದೆ. ತಪ್ಪಿಸಿಕೊಂಡ್ರೆ ಅವ್ನು ಬಂದು ಬೈತಾನೆ," ಎಂದರು ಅತ್ತೆ. ಸೊಸೆ ದಾರ ಸುತ್ತತೊಡಗಿದಳು.

ಅಷ್ಟರಲ್ಲಿ ಹಡಗುಗಳ ಮರೆಯಿಂದ ದೋಣಿ ಹೊರಬಂತು. ಸಿಕ್ಕಿದನೆಂದು ಒಬ್ಬ ಕೈಯೆತ್ತಿ ಸನ್ನೆ ಮಾಡಿದ. ಹೋಗುವಾಗ ನೀರು ಸೀಳಿಕೊಂಡು ಹೋಗಿದ್ದ ದೋಣಿ ಈಗ ಇಂಜಿನ್ ತಗ್ಗಿಸಿಕೊಂಡು ಬರುತ್ತಿತ್ತು. "ಸಿಕ್ಕಿದ್ನಲ್ಲ! ಮತ್ಯಾಕೆ ಇಷ್ಟು ನಿಧಾನ ಬರ್ತಿದ್ದಾರೆ?" ಅತ್ತೆ ಚಡಪಡಿಸಿದರು.

ಜೀವವಿದ್ದಿದ್ದರೆ ಹಾರಿಕೊಂಡು ಬರುತ್ತಿದ್ದರೆಂದು ಅವಳಿಗೆ ಹೊಳೆಯಿತು. "ಅಲೆ ಜಾಸ್ತಿ ಇದೆ, ಅತ್ತೆ," ಎಂದಳು. ಅತ್ತೆ ಒಮ್ಮೆ ಅಲುಗದೆ ನಿಂತಿದ್ದ ನೀರನ್ನು ನೋಡಿದರು, ಒಮ್ಮೆ ಸೊಸೆಯ ಮುಖ ನೋಡಿದರು. ಆಮೇಲೆ ಅವಳ ತೋಳು ಹಿಡಿದುಕೊಂಡೇ ನೆಲಕ್ಕೆ ಕುಸಿದರು.