ಅರ್ಥವಿಲ್ಲದ ಶಬ್ದ

ಆದಿಮಾನವರು ಮಾತು ಕಂಡುಹಿಡಿಯುವ ಕಿರುಚಿತ್ರ, ನೋಡಿದವರೆಲ್ಲ ನಗಬೇಕು. ಮನೆಯಲ್ಲಿ ಸುಮ್ಮನೆ ಕೂತಿರಲಾರದೆ ಚಂದ್ರಮತಿಯಮ್ಮ ಗವಿಯ ಮುದುಕಿಯ ಪಾತ್ರ ಒಪ್ಪಿಕೊಂಡಿದ್ದರು. ಗೋಣಿಬಟ್ಟೆ ಚುಚ್ಚುತ್ತದೆಂದು ಮೇಕಪ್ಪಿನ ಹುಡುಗಿ ಅದರೊಳಗೆ ತನ್ನದೇ ದುಪಟ್ಟಾ ಸುತ್ತಿಕೊಟ್ಟಿದ್ದಳು.

"ಮೊಟ್ಟಮೊದಲನೇ ಮಾತು ನಿಮ್ದೇ ಅಮ್ಮಾ. ಏನಾದ್ರೂ ಕೂಗಿ, ಅದಕ್ಕೆ ಅರ್ಥ ಮಾತ್ರ ಇರಬಾರದು," ಎಂದ ನಿರ್ದೇಶಕ. "ಬೆಳಕು ಹೋಗ್ತಾ ಇದೆ. ಈ ಸಲಾನೂ ತಪ್ಪಿದ್ರೆ ಪಾತ್ರ ಬೇರೆಯವರಿಗೆ ಕೊಡಬೇಕಾಗತ್ತೆ."

ಆಗಲೇ ಎರಡು ಸಲ ತಪ್ಪಿದ್ದರು. ಮೊದಲು 'ಅಯ್ಯೋ' ಬಂದಿತ್ತು, ಆಮೇಲೆ 'ರಾಮಾ'. ಈ ಸಲ ಅವರು ಕಣ್ಣು ಮುಚ್ಚಿ ಸ್ವಲ್ಪ ಹೊತ್ತು ಹುಡುಕಿದರು. ಆಮೇಲೆ ಖಾಲಿ ಗವಿಯ ಕಡೆ ತಿರುಗಿ ಕೂಗಿದರು.

"ರೀ..."

"ಕಟ್! ಶಿಲಾಯುಗದಲ್ಲಿ 'ರೀ' ಎಲ್ಲಿಂದ ಬಂತಮ್ಮಾ? ಕಾಫಿಗೆ ಯಜಮಾನರನ್ನ ಕರೆದ ಹಾಗಿದೆ!"

ಎಲ್ಲರೂ ಗೊಳ್ಳೆಂದು ನಕ್ಕರು. ಚಂದ್ರಮತಿಯಮ್ಮ ನಗು ನಿಲ್ಲುವವರೆಗೂ ಕಾದರು.

"ಕೋಪ ಮಾಡ್ಕೋಬೇಡಪ್ಪ, ಯೋಚನೆ ಮಾಡೇ ಆರಿಸಿದ್ದು," ಎಂದರು. "ಅದರ ಅರ್ಥ ಹೋಗಿ ನಾಲ್ಕು ತಿಂಗಳಾಯ್ತು."