ಲೋಹಿತನ ಒಳ್ಳೆಯ ದಿನಗಳು

ಬೆಂಚಿನ ಮೇಲೆ ಕೂತಿದ್ದ ಲೋಹಿತನ ಕೈಯಿಂದ ಜೆರ್ಸಿಯನ್ನು ಕೋಚ್ ಕಿತ್ತು ತಮ್ಮ ಚೀಲಕ್ಕೆ ತುರುಕಿದರು.

“ನಾಳೆ ಫೈನಲ್‌ಗೆ ಇವನು ಬೇಡ. ಒಂದಿನ ಹುಲಿ. ಇನ್ನೊಂದಿನ ಕೈಗೆ ಬಂದ ಬಾಲನ್ನ ಎದುರಾಳಿಗೆ ದಾನ ಮಾಡ್ತಾನೆ.”

“ಹುಲಿ ಆಗಿದ್ದು ಯಾವಾಗ ಸಾರ್?” ಕ್ಯಾಪ್ಟನ್ ಕೇಳಿದ.

“ಮಂಡ್ಯದಲ್ಲಿ. ಅವತ್ತು ನಂಗೆ ಜ್ವರ, ರೂಮಲ್ಲೇ ಮಲಗಿದ್ದೆ. ಆಮೇಲೆ ಮೈಸೂರಲ್ಲಿ.”

“ಮೈಸೂರಲ್ಲಿ ರೆಫ್ರಿ ನಿಮ್ಮನ್ನ ಹೊರಗೆ ಕಳಿಸಿದ್ರು.”

“ಆ ರೆಫ್ರಿಗೆ ಕಣ್ಣು ಕಾಣಲ್ಲ. ಅದಕ್ಕೂ ಇವನ ಆಟಕ್ಕೂ ಏನಯ್ಯ ಸಂಬಂಧ?”

ಕ್ಯಾಪ್ಟನ್ ಲೋಹಿತನ ಪಕ್ಕ ಬಂದು ಕೂತ.

“ನೀವು ಗೆರೆ ಪಕ್ಕ ನಿಂತು ‘ಲೇ ಕತ್ತೆ’ ಅಂತ ಕೂಗದಿದ್ರೆ ಚೆನ್ನಾಗೇ ಆಡ್ತಾನೆ ಸಾರ್. ಇವನನ್ನ ಇಟ್ಕೊಳ್ಳೋಣ. ನಾಳೆ ನೀವು ರೂಮಲ್ಲೇ ಇರಿ. ಕಪ್ ಫೋಟೋದಲ್ಲಿ ಮಾತ್ರ ನಿಮ್ಮನ್ನೇ ಮಧ್ಯ ಕೂರಿಸ್ತೀವಿ.”

ಕೋಚ್ ಕೊರಳಲ್ಲಿದ್ದ ಸೀಟಿಯನ್ನು ಬಿಗಿಯಾಗಿ ಹಿಡಿದುಕೊಂಡರು.

“ಆಗಲ್ಲ.”