ನಿನ್ನೆ ರಾತ್ರಿ ಇಲ್ಲಿ ಮಲಗಿದವರು

ಮೂರು ಸಲ ಬಾಗಿಲು ಬಡಿದರೂ ಒಳಗಿನ ನಗು ನಿಲ್ಲಲಿಲ್ಲ. ಆ ನಗು ನೆರೇಯಾಳದು. ಅನ್ಸೆಲ್ಮೊ ನಾಲ್ಕನೆಯ ಸಲ ಮುಷ್ಟಿ ಕಟ್ಟಿ ಗುದ್ದಿದ.

"ಜನಗಣತಿ! ಬಾಗಿಲು ತೆಗೀರಿ!"

ಅಂದು ತಮೊರಾ ದೇಶಕ್ಕೆ ದೇಶವೇ ಚಿಲಕ ಹಾಕಿಕೊಂಡು ಕೂತಿತ್ತು. ಗಣತಿಯ ದಿನ ಸಂಜೆಯ ಸೈರನ್ ಕೂಗುವವರೆಗೆ ಯಾರೂ ಹೊಸ್ತಿಲು ದಾಟುವಂತಿಲ್ಲ. ದಾಟಿದರೆ ಪೊಲೀಸರ ಲಾಠಿ. ಬೀದಿಯಲ್ಲಿ ನಾಯಿಗಳು ಮತ್ತು ಹಳದಿ ಅಂಗಿಯ ಗಣತಿಯವರು ಮಾತ್ರ. ಹತ್ತು ವರ್ಷಕ್ಕೊಮ್ಮೆ ಸರ್ಕಾರಕ್ಕೆ ತಗಡು ಮನೆಗಳ ಈ ದಿಬ್ಬ ನೆನಪಾಗುತ್ತದೆ, ನಲ್ಲಿ ಹಾಕಿಸುವುದಕ್ಕಲ್ಲ, ತಲೆ ಎಣಿಸುವುದಕ್ಕೆ.

ಅನ್ಸೆಲ್ಮೊ ಗಾರೆ ಕೆಲಸದವನು. ಹಳದಿ ಅಂಗಿ ಅವನದಲ್ಲ, ಈ ಬೀದಿಯ ಗಣತಿಗೆ ನೇಮಕವಾಗಿದ್ದ ಒತಿಲಿಯಾ ಟೀಚರದು. ತನ್ನ ಪಂದ್ಯದ ಹುಂಜವನ್ನು ಅವರಿಗೆ ಕೊಟ್ಟು ಅಂಗಿಯನ್ನೂ ಈ ಬೀದಿಯನ್ನೂ ಪಡೆದಿದ್ದ.

"ಒಂದು ಬೀದಿಗೋಸ್ಕರ ಇಂಥ ಹುಂಜ ಕೊಡ್ತೀಯಾ? ನಿಂಗೆ ಹುಚ್ಚು ಕಣೋ," ಎಂದಿದ್ದರು ಟೀಚರು, ಹುಂಜದ ಕಾಲು ಕಟ್ಟುತ್ತಲೇ.

ಹುಚ್ಚೇ. ನಿನ್ನೆ ಸಂಜೆ ನೆರೇಯಾ ಅವನ ಮಂಚದ ಅಂಚಿನಲ್ಲಿ ಕೂತು ಚಪ್ಪಲಿ ಮೆಟ್ಟುತ್ತಿದ್ದಳು.

"ನಾಳೆ ಗಣತಿ. ನಾನು ಅಲ್ಲಿರಬೇಕು."

"ಬಾಸಿಲಿಯೊ ಹತ್ರ?"

"ಗೊತ್ತಿದ್ದೂ ಯಾಕೆ ಕೇಳ್ತೀಯ?"

"ಇದೊಂದು ರಾತ್ರಿ ಇಲ್ಲೇ ಇರು, ನೆರೇಯಾ. ನಮ್ಮನೇಲಿ."

"ಯಾವತ್ತು ಬೇಕಾದ್ರೂ ಕೇಳು, ಇವತ್ತು ಮಾತ್ರ ಆಗಲ್ಲ ನನ್ ದೊರೆ," ಎಂದು ಅವನ ಗಲ್ಲ ತಟ್ಟಿ, ನಗುತ್ತಾ ದಿಬ್ಬ ಹತ್ತಿ ಹೋಗಿದ್ದಳು.

ಬೆಳಗಿನವರೆಗೆ ಅವನು ಆ ಮನೆಯ ತಗಡನ್ನೇ ನೋಡುತ್ತಾ ಕೂತಿದ್ದ. ದೀಪ ಆರಿದ್ದನ್ನೂ ನೋಡಿದ. ಅಲ್ಲಿ ಯಾರ ಕೈ ಯಾರ ಮೇಲಿದೆಯೋ ಎಂದು ನೆನೆದಾಗಲೆಲ್ಲ ಹಲ್ಲು ಕಟಕಟ ಎನ್ನುತ್ತಿತ್ತು.

ಗಣತಿಯವನು ಮೊದಲು ತನ್ನ ಮನೆಯನ್ನೇ ಬರೆದುಕೊಂಡು ಹೊರಡಬೇಕು. ಬರೆದ. ಇಬ್ಬರು. ಯಜಮಾನ ಅನ್ಸೆಲ್ಮೊ, ಹೆಂಡತಿ ನೆರೇಯಾ. ಕಾಗದ ಹರಿಯುವಷ್ಟು ಒತ್ತಿ ಬರೆದ.

ತಮೊರಾದಲ್ಲಿ ಪಾದ್ರಿಗೆ ಸುಳ್ಳು ಹೇಳಿದವರುಂಟು, ಗಣತಿಗೆ ಹೇಳಿದವರಿಲ್ಲ. ಗಣತಿಗೆ ಸುಳ್ಳು ಹೇಳಿದ ಮನೆಯಲ್ಲಿ ವರ್ಷದೊಳಗೆ ಒಂದು ತಲೆ ಕಡಿಮೆಯಾಗುತ್ತದೆ ಎಂದು ಅಜ್ಜಿಯರು ಹೆದರಿಸಿಟ್ಟಿದ್ದಾರೆ. ಅದಕ್ಕೇ ಅವನು ಈ ದಿನವನ್ನು ಆರಿಸಿಕೊಂಡದ್ದು. ಆ ಗಂಡಸಿನ ಎದುರೇ, ಸರ್ಕಾರದ ಎದುರೇ, ಆ ಬಾಸಿಲಿಯೊ ತನಗೆ ಏನಾಗಬೇಕೆಂದು ಅವಳೇ ಬಾಯಿಬಿಟ್ಟು ಹೇಳಲಿ. ತಡವರಿಸಿದಳೋ, ಕೈ ಹಿಡಿದು ದಿಬ್ಬ ಇಳಿಸಿಕೊಂಡು ಹೋಗುವುದೇ. ಬಾಸಿಲಿಯೊ ಅಡ್ಡ ಬಂದರೆ ಚೀಲದಲ್ಲಿ ಉಳಿ ಇತ್ತು.

ಬಾಗಿಲು ತೆರೆಯಿತು. ಬನಿಯನ್ ತೊಟ್ಟ ಬಾಸಿಲಿಯೊ. ಅವನ ಕೈಯಲ್ಲಿ ನೀಲಿ ಲೋಟ. ಅನ್ಸೆಲ್ಮೊ ಪೇಟೆಯೆಲ್ಲ ಹುಡುಕಿ ನೆರೇಯಾಳಿಗೆಂದೇ ತಂದಿದ್ದ ಲೋಟ.

"ಬನ್ನಿ ತಮ್ಮಾ, ಬಿಸಿಲಲ್ಲಿ ಬೆಂದುಹೋಗಿದ್ದೀರಿ. ನೆರೇಯಾ, ಇವ್ರಿಗೂ ಒಂಚೂರು ಕಾಫಿ ತಾರೇ!"

ತಾರೇ! ಅನ್ಸೆಲ್ಮೊ ಹೆಗಲ ಚೀಲವನ್ನು ಮುಂದಕ್ಕೆ ಎಳೆದುಕೊಂಡ.

ಅವಳು ಬಂದಳು. ತಲೆ ಇನ್ನೂ ಒದ್ದೆ. ಹಳದಿ ಅಂಗಿಯವನ ಮುಖ ಕಂಡದ್ದೇ ಕಾಫಿ ತುಳುಕಿತು.

"ನಿನ್ನೆ ರಾತ್ರಿ ಇಲ್ಲಿ ಮಲಗಿದ್ದವರು ಯಾರ್ಯಾರು?"

"ನಾನು, ಇವಳು," ಬಾಸಿಲಿಯೊ ಹಲ್ಲು ಕಿರಿದ. "ನಾನೆಲ್ಲಿ ಮಲಗಿದೆ ಬಿಡಿ. ಇವಳ ಗೊರಕೆಗೆ ತಗಡೇ ಹಾರಿ ಹೋಗತ್ತೆ!"

ಅವಳು ಗೊರಕೆ ಹೊಡೆಯುತ್ತಾಳೆಂದು ಅನ್ಸೆಲ್ಮೊಗೆ ಗೊತ್ತೇ ಇರಲಿಲ್ಲ. ಅವನ ಕೈ ಚೀಲದೊಳಗೆ ಇಳಿಯಿತು.

"ನಿಮ್ಮನ್ನ ಕೇಳ್ಲಿಲ್ಲ. ನೀವು ಹೇಳಿ ಅಮ್ಮಾ. ಇವರು ನಿಮಗೆ ಏನಾಗ್ಬೇಕು?"

ನೆರೇಯಾ ಚೀಲ ನೋಡಿದಳು. ಅವನ ಕಣ್ಣು ನೋಡಿದಳು. ತಡವರಿಸಲಿಲ್ಲ.

"ಗಂಡ. ಇಗರ್ಜೀಲಿ ಉಂಗುರ ತೊಡಿಸಿ ಹನ್ನೊಂದು ವರ್ಷ ಆಯ್ತು. ಬರ್ಕೊಳ್ಳಿ ಸಾರ್."

ತಗಡಿನ ದಿಬ್ಬದಲ್ಲಿ ಅಂದು ಗಣತಿಗೆ ಸುಳ್ಳು ಹೇಳಿದ ಮನೆ ಒಂದೇ ಒಂದು, ತಳದಲ್ಲಿರುವ ಗಾರೆಯವನದು. ಅಲ್ಲಿ ರಾತ್ರಿ ಇದ್ದದ್ದು ಒಂದೇ ತಲೆ, ಎಂದಿನಂತೆ.